ವೇಷ ತೊಡುವ ವಯಸ್ಸು

12ರಿಂದ 15 ವರ್ಷದವರೆಗಿನ ಮಕ್ಕಳಿಗೆ ನಮ್ಮ ಮನೆಗಳಲ್ಲಿ ಸರಿಯಾದ ಸ್ಥಳವೇ ಇಲ್ಲವೆಂದರೆ ಅತಿಶಯೋಕ್ತಿಯಾಗಲಾರದು. ಚಿಕ್ಕ ಮಕ್ಕಳೊಡನೆ ಅಡುಗೆಯಾಟಕ್ಕೋ ಕಳ್ಳ-ಪೊಲೀಸರ ಆಟಕ್ಕೋ ಹೋದರೆ, 'ಇಷ್ಟು ದೊಡ್ಡವನಾದರೂ ಬುದ್ಧಿ ಬರಲಿಲ್ಲವೆ?' ಎಂಬ ಗದರಿಕೆ. ಹಿರಿಯರು ಕುಳಿತು ಮಾತನಾಡುವಲ್ಲಿ ಒಂದು ಮಾತು ಸೇರಿಸಿದರೆ, 'ದೊಡ್ಡವರ ಮಾತು ನಿನಗೇಕೆ?' ಎಂಬ ಗದರಿಕೆ. ಆಟದಿಂದಲೂ ಹೊರಗೆ, ಮಾತಿನಿಂದಲೂ ಹೊರಗೆ. ಇನ್ನು ಉಳಿಯುವುದು ಶಾಲೆಯ ಪಾಠ, ಅದು ಮುಗಿದರೆ ಮನೆಪಾಠ, ಅದೂ ಮುಗಿದರೆ ಅಂಗೈಯಲ್ಲಿನ ಮೊಬೈಲು. ಆ ಮೊಬೈಲಿನೊಳಗಾದರೂ ಮಕ್ಕಳು ಮಾಡುವುದೇನು? ಬೇರೊಂದು ಹೆಸರು, ಬೇರೊಂದು ವೇಷ ಧರಿಸಿ, ಮುಖ ಕಾಣದ ಜೊತೆಗಾರರೊಡನೆ ಯುದ್ಧವಾಡುವುದು. ವೇಷದ ಹಸಿವು ಅವರಿಗೆ ಸಹಜವಾದದ್ದು. ಉಣಬಡಿಸುವವರು ಮಾತ್ರ ನಾವಾಗಿ ಉಳಿದಿಲ್ಲ.

ಬೆಂಗಳೂರಿನ ತೆಂಕಣ ಭಾಗದ ಜರಗನಹಳ್ಳಿಯನ್ನೇ ನಿದರ್ಶನವಾಗಿ ತೆಗೆದುಕೊಳ್ಳೋಣ. ಕನಕಪುರದ ರಸ್ತೆಯ ಮಗ್ಗುಲಲ್ಲಿ, ಸಾರಕ್ಕಿಗೆ ನೆರೆಯಾಗಿ, ಹಿಂದೆ ಹೊಲಗದ್ದೆಗಳ ನಡುವೆ ಇದ್ದ ಈ ಹಳ್ಳಿ ಈಗ ಪೂರ್ಣವಾಗಿ ನಗರದೊಳಗೆ ಸೇರಿಹೋಗಿದೆ. 2017ರ ಜೂನ್ ತಿಂಗಳಿನಿಂದ ಈ ರಸ್ತೆಯ ನೆತ್ತಿಯ ಮೇಲೆ ಮೆಟ್ರೋ ರೈಲು ಓಡಾಡುತ್ತಿದೆ. ಮನೆಗಳು ಎತ್ತರಕ್ಕೆ ಬೆಳೆದಂತೆ ಮಕ್ಕಳ ಬಯಲು ಕಿರಿದಾಗಿದೆ. ಇಂಥ ಕಡೆಯಲ್ಲಿ ವಾಸಿಸುವ ಗೃಹಸ್ಥರು ತಮ್ಮ ಎಳೆಯರಿಗಾಗಿ ಹೆಚ್ಚು ಖರ್ಚಿಲ್ಲದೆ ಏರ್ಪಡಿಸಬಹುದಾದ ಒಂದು ಆಟವನ್ನು ಕುರಿತು ಈ ತಿಂಗಳು ಕೆಲವು ಮಾತುಗಳನ್ನು ನಿವೇದಿಸುತ್ತೇವೆ.

ಪಾಶ್ಚಾತ್ಯ ದೇಶಗಳಲ್ಲಿ ಇದಕ್ಕೆ ಲೈವ್ ಆಕ್ಷನ್ ರೋಲ್ ಪ್ಲೇ ಎಂದು ಹೆಸರು. ಆಡುವವರು ಮೊದಲಕ್ಷರಗಳನ್ನು ಕೂಡಿಸಿ ಲಾರ್ಪ್ ಎನ್ನುತ್ತಾರೆ. ನಾವು ಪಾತ್ರದಾಟವೆಂದು ಕರೆಯೋಣ. ಆಟಗಾರರು ಒಂದೊಂದು ಪಾತ್ರವನ್ನು ವಹಿಸಿಕೊಂಡು, ಒಂದು ಸನ್ನಿವೇಶದೊಳಗೆ ನಿಂತು, ಆ ಪಾತ್ರ ಹೇಗೆ ಮಾತನಾಡೀತು, ಏನನ್ನು ನಿಶ್ಚಯಿಸೀತು ಎಂದು ಆ ಕ್ಷಣದಲ್ಲಿಯೇ ಯೋಚಿಸಿ ನಡೆಯುವುದು ಇದರ ಕ್ರಮ. ಇದು ನಾಟಕದಂತೆ ತೋರಿದರೂ ನಾಟಕವಲ್ಲ. ನಾಟಕದಲ್ಲಿ ಮಾತು ಮೊದಲೇ ಬರೆದದ್ದು, ಮುಗಿತಾಯ ಮೊದಲೇ ಗೊತ್ತಾದದ್ದು. ಮುಂದೆ ಪ್ರೇಕ್ಷಕರು ಕುಳಿತಿರುತ್ತಾರೆ. ಪಾತ್ರದಾಟದಲ್ಲಿ ಬರೆದ ಮಾತಿಲ್ಲ, ಪ್ರೇಕ್ಷಕರಿಲ್ಲ, ಕಥೆ ಎಲ್ಲಿ ಮುಗಿದೀತೆಂಬುದು ಆಡುವವರಿಗೂ ತಿಳಿಯದು.

ಇದರ ಈಚಿನ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳುವುದಾದರೆ, ಅಮೆರಿಕೆಯಲ್ಲಿ 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಆಟವನ್ನು ಹೊರತಂದರು. ಅದು ಮೇಜಿನ ಸುತ್ತ ಕುಳಿತು, ದಾಳಗಳನ್ನುರುಳಿಸಿ, ಬಾಯಿಮಾತಿನಲ್ಲಿಯೇ ಆಡತಕ್ಕದ್ದು. ಕುಳಿತು ಆಡಿದವರಿಗೆ ಎದ್ದು ಆಡುವ ಆಸೆ ಹುಟ್ಟಿತು. ಇಂಗ್ಲೆಂಡಿನ ಚೆಷೈರ್ ಪ್ರಾಂತದ ಪೆಕ್‌ಫರ್ಟನ್ ಕೋಟೆಯಲ್ಲಿ 1982ರಲ್ಲಿ ಟ್ರೆಷರ್ ಟ್ರ್ಯಾಪ್ ಎಂಬ ಆಟ ಆರಂಭವಾಗಿ, ಆಟಗಾರರು ನಿಜವಾದ ಕೋಟೆಯೊಳಗೆ ವೇಷ ಧರಿಸಿ ಸಂಚರಿಸತೊಡಗಿದರು. ಡೆನ್ಮಾರ್ಕ್ ದೇಶದವರು ಇನ್ನೂ ಮುಂದೆ ಹೋಗಿ, ಹೋಬ್ರೋ ಎಂಬ ಪಟ್ಟಣದಲ್ಲಿ 2006ರಲ್ಲಿ ಓಸ್ಟರ್‌ಸ್ಕೋವ್ ಎಂಬ ವಸತಿಶಾಲೆಯನ್ನೇ ತೆರೆದರು. ಅಲ್ಲಿ 14 ವರ್ಷ ಮೀರಿದ ಹುಡುಗ ಹುಡುಗಿಯರಿಗೆ ಚರಿತ್ರೆ, ಗಣಿತ, ಭಾಷೆಗಳನ್ನು ಪಾತ್ರದಾಟದ ಮೂಲಕ ಕಲಿಸುತ್ತಾರೆ.

ಇದೆಲ್ಲವನ್ನೂ ಓದಿ, ಇದು ಸೀಮೆಯಾಚೆಯ ಹೊಸ ಹುಚ್ಚೆಂದು ಕೆಲವರು ಭಾವಿಸಬಹುದು. ಆದರೆ ಬರೆದ ಮಾತಿಲ್ಲದೆ ಪಾತ್ರವಾಗಿ ನಿಂತು ಮಾತನಾಡುವ ವಿದ್ಯೆಯಲ್ಲಿ ಕನ್ನಡನಾಡು ಯಾರಿಂದಲೂ ಸಾಲ ತರಬೇಕಾಗಿಲ್ಲ. ಕರಾವಳಿಯ ಯಕ್ಷಗಾನವನ್ನು ನೋಡಿರಿ. ಪ್ರಸಂಗದ ಪುಸ್ತಕದಲ್ಲಿರುವುದು ಪದ್ಯ ಮಾತ್ರ. ಭಾಗವತರು ಪದ್ಯವನ್ನು ಹಾಡಿ ಮುಗಿಸಿದೊಡನೆ ವೇಷಧಾರಿಯು ಅದರ ಅರ್ಥವನ್ನು ತನ್ನ ಸ್ವಂತ ಮಾತಿನಲ್ಲಿ ಹೇಳಬೇಕು. ಎದುರು ವೇಷದವನು ಕೇಳಿದ ಪ್ರಶ್ನೆಗೆ ಅಲ್ಲಿಯೇ ಉತ್ತರ ಹುಡುಕಬೇಕು. ಮಳೆಗಾಲದಲ್ಲಿ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮನೆಯ ಚಾವಡಿಗಳಲ್ಲಿಯೂ ದೇವಸ್ಥಾನಗಳಲ್ಲಿಯೂ ನಡೆಯುವ ತಾಳಮದ್ದಳೆಯಲ್ಲಿ ವೇಷವೂ ಇಲ್ಲ, ಕುಣಿತವೂ ಇಲ್ಲ. ಅಂಗಿ ಪಂಚೆಗಳಲ್ಲಿಯೇ ಕುಳಿತ ಅರ್ಥಧಾರಿಗಳು ಬರಿಯ ಮಾತಿನಿಂದ ಕೃಷ್ಣರೂ ಕೌರವರೂ ಆಗುತ್ತಾರೆ. ಸಂಧಾನ ಮುರಿಯುವುದೆಂಬುದು ಎಲ್ಲರಿಗೂ ಗೊತ್ತು. ಆದರೆ ಈ ರಾತ್ರಿ ಯಾವ ಮಾತಿನ ಮೇಲೆ ಮುರಿಯುವುದೆಂಬುದು ಯಾರಿಗೂ ಗೊತ್ತಿರುವುದಿಲ್ಲ.

ಬೆಂಗಳೂರಿನ ಸುತ್ತಣ ಹಳ್ಳಿಗಳಲ್ಲಿಯೂ ವೇಷದ ಮೋಹ ಕಡಿಮೆಯದಲ್ಲ. ಹಾರ್ಮೋನಿಯಂ ಮೇಷ್ಟ್ರನ್ನು ಕರೆತಂದು, ಪಾತ್ರಕ್ಕೆ ತಕ್ಕಂತೆ ತಾವೇ ಹಣ ಹಾಕಿ, ತಿಂಗಳುಗಟ್ಟಲೆ ಅಭ್ಯಾಸ ನಡೆಸಿ, ಕುರುಕ್ಷೇತ್ರ ನಾಟಕವನ್ನು ಆಡುವ ರೂಢಿ ಇಲ್ಲುಂಟು. ಹಳ್ಳಿಯ ತಂಡಗಳು ನಗರದ ರವೀಂದ್ರ ಕಲಾಕ್ಷೇತ್ರದವರೆಗೂ ಬಂದು ಗದೆ ತಿರುಗಿಸಿ ಹೋಗುತ್ತವೆ. ಆದರೆ ಅಲ್ಲಿ ಗದೆಯೂ ಕಿರೀಟವೂ ಹಿರಿಯರ ಸ್ವತ್ತು. 13 ವರ್ಷದ ಹುಡುಗನಿಗೆ ಸಾಮಾನ್ಯವಾಗಿ ದೊರೆಯುವುದು ಪರದೆ ಎಳೆಯುವ ಕೆಲಸ. ಹುಡುಗಿಗೆ ಅದೂ ಇಲ್ಲ.

ಎಳೆಯರನ್ನು ಒಳಕ್ಕೆ ಕರೆದುಕೊಳ್ಳುವ ಬಗೆಯನ್ನು ಯಕ್ಷಗಾನದವರು ಹೆಚ್ಚು ಆಲೋಚಿಸಿದ್ದರೆಂದು ನಮಗೆ ತೋರುತ್ತದೆ. ಆಟದ ಪೂರ್ವರಂಗದಲ್ಲಿ ಕೋಡಂಗಿ, ಬಾಲಗೋಪಾಲ ಮೊದಲಾದ ವೇಷಗಳುಂಟು. ಹೊಸದಾಗಿ ಮೇಳಕ್ಕೆ ಸೇರಿದ ಹುಡುಗ ಮೊದಲು ಕೋಡಂಗಿಯಾಗುತ್ತಾನೆ. ಹೆಜ್ಜೆ ತಪ್ಪಿದರೂ ಕೋಡಂಗಿಗೆ ಯಾರೂ ಬೈಯರು. ಬಳಿಕ ಬಾಲಗೋಪಾಲ, ಆಮೇಲೆ ಪ್ರಸಂಗದೊಳಗಿನ ಸಣ್ಣಪುಟ್ಟ ವೇಷ, ಕಾಲು ನುರಿತ ಮೇಲೆ ಅಭಿಮನ್ಯು ಬಭ್ರುವಾಹನರಂಥ ಪುಂಡುವೇಷ. ಒಂದೊಂದು ಮೆಟ್ಟಿಲೂ ನಿಜವಾದ ವೇಷವೇ. ಬಾಲಗೋಪಾಲನ ಮುಖಕ್ಕೂ ಬಣ್ಣವುಂಟು, ಕಾಲಿಗೂ ಗೆಜ್ಜೆಯುಂಟು, ಅವನಿಗಾಗಿಯೂ ಚೆಂಡೆ ಮದ್ದಳೆಗಳು ನುಡಿಯುತ್ತವೆ.

ಈ ಕ್ರಮವು ಈಗ ಮೇಳಗಳ ಹೊರಗೂ ಹಬ್ಬಿದೆ. ಈಗಿನ ಉಡುಪಿ ಜಿಲ್ಲೆಯ ಸಾಲಿಗ್ರಾಮದಲ್ಲಿ ಎಚ್. ಶ್ರೀಧರ ಹಂದೆಯವರೂ ಕಾರ್ಕಡ ಶ್ರೀನಿವಾಸ ಉಡುಪರೂ 1970ರ ದಶಕದಲ್ಲಿ ಕಟ್ಟಿದ ಮಕ್ಕಳ ಮೇಳವು ಹೊರದೇಶಗಳಲ್ಲಿಯೂ ಆಟವಾಡಿ ಬಂದಿತು. ಉಡುಪಿಯ ಸುತ್ತಣ ಪ್ರೌಢಶಾಲೆಗಳಲ್ಲಿ ಹುಡುಗರಿಗೂ ಹುಡುಗಿಯರಿಗೂ ಯಕ್ಷಗಾನ ಕಲಿಸುವ ಏರ್ಪಾಡು ಇದೆ. ಅಲ್ಲಿ ಎಳೆಯರಿಗೆ ಮೊದಮೊದಲು ಮಾತನ್ನು ಗುರುಗಳೇ ಬರೆದುಕೊಡುತ್ತಾರೆ. ಬಾಯಿಪಾಠವಾಗಿ, ಸಭೆಯ ಅಂಜಿಕೆ ಹೋದ ಮೇಲೆ, ತಾನಾಗಿ ಒಂದೆರಡು ಮಾತು ಸೇರಿಸುವ ಧೈರ್ಯ ಬರುತ್ತದೆ. ಬರೆದ ಮಾತಿನಿಂದ ಸ್ವಂತ ಮಾತಿಗೆ ದಾಟಿಸುವ ಈ ಸೇತುವೆಯನ್ನು ಪಾತ್ರದಾಟ ನಡೆಸುವ ತಂದೆತಾಯಿಗಳು ಗಮನಿಸತಕ್ಕದ್ದು. ಮೊದಲ ದಿನವೇ 'ಮಾತನಾಡು' ಎಂದರೆ ಮಕ್ಕಳು ಕಲ್ಲಾಗಿ ನಿಲ್ಲುತ್ತಾರೆ. ಆರಂಭದ ಎರಡು ವಾಕ್ಯಗಳನ್ನು ಚೀಟಿಯಲ್ಲಿ ಬರೆದುಕೊಟ್ಟರೆ ಮೂರನೆಯದು ತಾನೇ ಹೊರಡುತ್ತದೆ.

ಇಷ್ಟಕ್ಕೇ ತಂದೆತಾಯಿಗಳ ಸಂದೇಹ ತೀರದೆಂಬುದನ್ನು ನಾವು ಬಲ್ಲೆವು. ಓದಿಗೆ ಭಂಗವಾಗದೆ ಎಂಬುದು ಮೊದಲನೆಯ ಪ್ರಶ್ನೆ. ತಿಂಗಳಿಗೊಂದು ಭಾನುವಾರದ ಎರಡು ತಾಸುಗಳಿಂದ ಯಾರ ಓದೂ ಕೆಡುವುದಿಲ್ಲ. ಪರೀಕ್ಷೆಯ ತಿಂಗಳುಗಳಲ್ಲಿ ಬಿಟ್ಟರಾಯಿತು. ಸರಕಾರವೇ 1966-67ರಲ್ಲಿ ದೆಹಲಿಯ ಶಾಲೆಗಳಲ್ಲಿ ಯುವ ಸಂಸತ್ತಿನ ಸ್ಪರ್ಧೆಗಳನ್ನು ಆರಂಭಿಸಿ, ವಿದ್ಯಾರ್ಥಿಗಳನ್ನು ಮಂತ್ರಿಗಳನ್ನಾಗಿಯೂ ಪ್ರತಿಪಕ್ಷದವರನ್ನಾಗಿಯೂ ನಿಲ್ಲಿಸಿತು. ಅದೂ ಒಂದು ಪಾತ್ರದಾಟವೇ ಅಲ್ಲವೆ?

ಎರಡನೆಯದು ಮೈಗೆ ಪೆಟ್ಟಾಗುವ ಭಯ. ಪಾಶ್ಚಾತ್ಯರ ಕೂಟಗಳಲ್ಲಿ ರಬ್ಬರಿನ ಹೊದಿಕೆಯ ಮೆತ್ತನೆಯ ಕತ್ತಿಗಳಿಂದ ಕಾಳಗವಾಡುವುದುಂಟು. ತಲೆಗೆ ಹೊಡೆಯಬಾರದೆಂಬುದು ಅಲ್ಲಿ ಸಾಮಾನ್ಯವಾದ ಕಟ್ಟಳೆ. ಎಷ್ಟೋ ಕೂಟಗಳು ಪ್ರಾಯಕ್ಕೆ ಬಾರದವರನ್ನು ಪೋಷಕರ ಜೊತೆಯಿಲ್ಲದೆ ಸೇರಿಸಿಕೊಳ್ಳುವುದಿಲ್ಲ. ಕಾಳಗಕ್ಕೂ ರಾತ್ರಿಯ ಆಟಕ್ಕೂ ಬೇರೆ ವಯೋಮಿತಿಯನ್ನಿಡುವುದೂ ಉಂಟು. ನಮ್ಮ ಎಳೆಯರಿಗೆ ಆರಂಭದಲ್ಲಿ ಕತ್ತಿಯೇ ಬೇಡ. ಮಾತಿನ ಸನ್ನಿವೇಶಗಳು ಬೇಕಾದಷ್ಟಿವೆ. ಆಟ ಹಗಲಿನಲ್ಲಿ, ಬಾಗಿಲು ತೆರೆದ ಜಾಗದಲ್ಲಿ ನಡೆಯಬೇಕು. ಹಿರಿಯರು ಒಬ್ಬರಲ್ಲ, ಇಬ್ಬರಿರಬೇಕು. ಗುರುತಿಲ್ಲದ ವಯಸ್ಕರ ಕೂಟಕ್ಕೆ 13 ವರ್ಷದವರನ್ನು ಒಂಟಿಯಾಗಿ ಕಳುಹಿಸತಕ್ಕದ್ದಲ್ಲ. ಈ ವಿಷಯದಲ್ಲಿ ಸಂಕೋಚಕ್ಕೆ ಎಡೆಗೊಡಬಾರದು.

ಮೂರನೆಯದು, ಕೆಟ್ಟವನ ಪಾತ್ರ ಮಾಡಿದ ಹುಡುಗ ಕೆಟ್ಟವನಾಗನೆ ಎಂಬ ಭಯ. ತಾಳಮದ್ದಳೆಯಲ್ಲಿ ಕೌರವನ ಪಕ್ಷವನ್ನು ಯಾರಾದರೂ ಹೇಳಲೇಬೇಕು. ಇಲ್ಲದಿದ್ದರೆ ಕೃಷ್ಣನಿಗೆ ಮಾತಿಗೆ ಮಾತೆಲ್ಲಿ? ಶೇಣಿ ಗೋಪಾಲಕೃಷ್ಣ ಭಟ್ಟರು (1918-2006) ರಾವಣ, ವಾಲಿ ಮೊದಲಾದವರ ಅರ್ಥಗಾರಿಕೆಯಿಂದಲೇ ಬಹುವಾಗಿ ಪ್ರಸಿದ್ಧರಾದರು. ತನಗೆ ಒಪ್ಪಿಗೆಯಿಲ್ಲದವನ ನ್ಯಾಯವನ್ನು ಅವನ ಬಾಯಿಯಿಂದಲೇ ಒಮ್ಮೆ ಹೇಳಿ ನೋಡುವುದು ಬೆಳೆಯುವ ಮನಸ್ಸಿಗೆ ದೊಡ್ಡ ವ್ಯಾಯಾಮ. ಇದರಿಂದ ಕೆಡುಕು ಬೆಳೆಯದು. ಎದುರಾಳಿಯನ್ನು ಅರಿಯುವ ಶಕ್ತಿ ಬೆಳೆಯುತ್ತದೆ.

ಆದರೂ ಈ ಮೂರನೆಯ ಭಯದೊಳಗೆ ಒಂದು ನಿಜವಾದ ಭಯ ಅಡಗಿದೆ. ಪಾತ್ರವು ಹುಡುಗನನ್ನು ಕೆಡಿಸದಿದ್ದರೂ ನೋಯಿಸಬಲ್ಲದು. ಆಟದಲ್ಲಿ ಕಳ್ಳನಾದವನನ್ನು ಮರುದಿನ ಶಾಲೆಯಲ್ಲಿ 'ಏ ಕಳ್ಳ' ಎಂದು ಕರೆಯುವುದು. ಆಟದ ನೆವದಿಂದ ಹಳೆಯ ಹಗೆ ತೀರಿಸುವುದು. ಬಡವನಾಗಿ ನಿಂತ ಹುಡುಗಿ ಮನೆಯಲ್ಲಿಯೂ ಬಡವಳಾಗಿದ್ದರೆ, ಎಲ್ಲರೂ ನಗುವಾಗ ಅವಳಿಗೆ ಅದು ಆಟವಾಗಿರದೆ ಇರುವುದು. ಈ ವಯಸ್ಸಿನ ಅಭಿಮಾನ ಬಲು ತೆಳುವಾದದ್ದು. ಹಿರಿಯನಾದರೆ ನಕ್ಕು ಮರೆಯುವ ಮಾತನ್ನು ಎಳೆಯರು ವರ್ಷಗಟ್ಟಲೆ ಮನಸ್ಸಿನಲ್ಲಿಟ್ಟುಕೊಳ್ಳುತ್ತಾರೆ.

ಅಭಿಮನ್ಯುವಿನ ಕಥೆ ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಚಕ್ರವ್ಯೂಹವನ್ನು ಹೊಗುವುದನ್ನು ಅವನು ಬಲ್ಲ, ಹೊರಬರುವುದನ್ನು ಅರಿಯ. ಅವನನ್ನು ಒಳಕ್ಕೆ ಕಳುಹಿಸಿದವರು ಹಿರಿಯರು. ಹಿಂದೆಯೇ ಬರುತ್ತೇವೆಂದು ಮಾತು ಕೊಟ್ಟವರೂ ಹಿರಿಯರು. ಎಳೆಯರಿಗೆ ಪಾತ್ರ ಕೊಡುವ ಪ್ರತಿಯೊಬ್ಬರೂ ಈ ಕಥೆಯನ್ನು ನೆನೆಯಬೇಕೆಂದು ನಮ್ಮ ಅಭಿಪ್ರಾಯ. ಪಾತ್ರದೊಳಕ್ಕೆ ಹೋಗುವುದನ್ನು ಮಕ್ಕಳಿಗೆ ಕಲಿಸಬೇಕಾಗಿಯೇ ಇಲ್ಲ, ಅವರು ತಾವಾಗಿ ಬಲ್ಲರು. ಹೊರಬರುವ ದಾರಿಯನ್ನು ತೋರಿಸತಕ್ಕದ್ದು ನಮ್ಮ ಕೆಲಸ; ಅದನ್ನು ಆಟದ ಮೊದಲೇ ತೋರಿಸಬೇಕು.

ಯಕ್ಷಗಾನದಲ್ಲಿ ಇದಕ್ಕೆ ಚೌಕಿಯುಂಟು. ಬಣ್ಣ ಹಚ್ಚಿಕೊಳ್ಳುವುದೂ ಅಲ್ಲಿಯೇ, ಬೆಳಗಾದ ಮೇಲೆ ಎಣ್ಣೆ ಹಚ್ಚಿ ಬಣ್ಣ ತೆಗೆಯುವುದೂ ಅಲ್ಲಿಯೇ. ರಂಗದಲ್ಲಿ ಒಬ್ಬರನ್ನೊಬ್ಬರು ಕೊಂದವರು ಚೌಕಿಯಲ್ಲಿ ಅಕ್ಕಪಕ್ಕ ಕುಳಿತು ಗೆಜ್ಜೆ ಬಿಚ್ಚುತ್ತಾರೆ. ಮಕ್ಕಳ ಪಾತ್ರದಾಟಕ್ಕೂ ಒಂದು ಚೌಕಿ ಅವಶ್ಯವಾಗಿ ಬೇಕು. ಕೋಣೆಯ ಒಂದು ಮೂಲೆಯಲ್ಲಿ ಚಾಪೆ ಹಾಸಿ, ಒಂದು ತಂಬಿಗೆ ನೀರಿಟ್ಟರೆ ಸಾಕು. ಆ ಚಾಪೆಯ ಮೇಲೆ ಕುಳಿತವರು ಪಾತ್ರವಲ್ಲ. ಅವರನ್ನು ಯಾರೂ ಪಾತ್ರವಾಗಿ ಮಾತನಾಡಿಸಬಾರದು, ಏಕೆ ಬಂದೆ ಎಂದೂ ಕೇಳಬಾರದು.

ಈಗ ಆಟವನ್ನು ನಡೆಸುವ ಬಗೆಯನ್ನು ಹೇಳುತ್ತೇವೆ. ಜರಗನಹಳ್ಳಿಗೆ ನೆರೆಯ ಸಾರಕ್ಕಿ ಕೆರೆಯನ್ನು ಅಲ್ಲಿನ ಮಕ್ಕಳು ನೋಡಿರುತ್ತಾರೆ. 80 ಎಕರೆಗೂ ಮೀರಿದ ಆ ಕೆರೆಯ ಅಂಗಳದಲ್ಲಿ ಎದ್ದಿದ್ದ ಕಟ್ಟಡಗಳನ್ನು 2015ರ ಏಪ್ರಿಲ್ ತಿಂಗಳಲ್ಲಿ ಸರಕಾರದವರು ಕೆಡವಿಸಿದರು. ಕೆರೆ ಯಾರದು ಎಂಬ ಪ್ರಶ್ನೆ ಆ ಕಡೆಯವರಿಗೆ ಹೊಸದಲ್ಲ. ಆದಕಾರಣ ಕೆರೆಯನ್ನೇ ಕಥೆಯನ್ನಾಗಿ ಮಾಡೋಣ. ಕಾಲವು 100 ವರ್ಷ ಹಿಂದಿನದು. ಊರಿಗೆ ಹೆಸರು ಬೇಡ. ಮಳೆ ಹೋಗಿದೆ, ಕೆರೆಯಲ್ಲಿ ಉಳಿದಿರುವುದು 10 ದಿನಗಳ ನೀರು, ಪೈರು ಹಾಲುಗಟ್ಟುವ ಹೊತ್ತು. ತೂಬನ್ನು ಎತ್ತಬೇಕೆ, ಎತ್ತಿದರೆ ಮೊದಲು ಯಾರ ಗದ್ದೆಗೆ ಎಂದು ನಿಶ್ಚಯಿಸಲು ಊರವರು ಅರಳಿಕಟ್ಟೆಯಲ್ಲಿ ಸೇರಿದ್ದಾರೆ.

8 ಮಂದಿ ಮಕ್ಕಳಿದ್ದರೆ 8 ಪಾತ್ರಗಳು. ಗದ್ದೆಗಳಿಗೆ ನೀರು ಹಂಚುವ ನೀರುಗಂಟಿ, ಊರಿನ ಪಟೇಲ, ಲೆಕ್ಕ ಬರೆಯುವ ಶ್ಯಾನುಭೋಗ, ತೂಬಿನ ಪಕ್ಕದಲ್ಲಿಯೇ ಗದ್ದೆಯಿರುವ ರೈತ, ಕಾಲುವೆಯ ಕಟ್ಟಕಡೆಯಲ್ಲಿ ಅರ್ಧ ಎಕರೆ ಇರುವ ವಿಧವೆ, ನೀರು ಬತ್ತಿದರೆ ಜೀವನ ಹೋಗುವ ಮೀನುಗಾರ, ದನಗಳಿಗೆ ನೀರು ಉಳಿಸಬೇಕೆನ್ನುವ ದನಗಾಹಿ, ಬೆಲೆ ಏರುವುದನ್ನು ಕಾಯುತ್ತಿರುವ ಧಾನ್ಯದ ವ್ಯಾಪಾರಿ. ಪ್ರತಿಯೊಬ್ಬರ ಚೀಟಿಯಲ್ಲಿ ಮೂರು ಸಂಗತಿಗಳಿರಲಿ: ನಿನಗೆ ಬೇಕಾದದ್ದು ಏನು, ನೀನು ಮಾತ್ರ ಬಲ್ಲ ಗುಟ್ಟೇನು, ನೀನು ಆಡುವ ಮೊದಲ ಎರಡು ವಾಕ್ಯಗಳಾವುವು. ತೂಬಿನ ಕಲ್ಲು ಸಡಿಲವಾಗಿದೆಯೆಂಬುದು ನೀರುಗಂಟಿಯ ಗುಟ್ಟಾಗಬಹುದು. ತೂಬಿನ ಪಕ್ಕದ ರೈತನಿಗೆ ವ್ಯಾಪಾರಿಯಿಂದ ಮುಂಗಡ ಬಂದಿರಬಹುದು. ಚೀಟಿಗಳನ್ನು ಮಡಿಸಿ, ರಾಜ-ರಾಣಿ-ಕಳ್ಳ-ಪೊಲೀಸ್ ಆಟದಲ್ಲಿ ಎತ್ತುವಂತೆಯೇ ಎತ್ತಿಸಬೇಕು. ಹುಡುಗಿಗೆ ಪಟೇಲಿಕೆ ಬಂದರೆ ಬರಲಿ, ಹುಡುಗನಿಗೆ ವಿಧವೆಯ ಪಾತ್ರ ಬಂದರೆ ಬರಲಿ. ಯಾರ ಮನೆ, ಯಾರ ಜಾತಿ ಎಂದು ನೋಡಿ ಪಾತ್ರ ಹಂಚುವುದು ಮಕ್ಕಳಿಗೆ ಮಾಡುವ ದ್ರೋಹ. ಪಟೇಲಿಕೆ ಶ್ಯಾನುಭೋಗಿಕೆಗಳು ವಂಶಪಾರಂಪರ್ಯವಾಗಿದ್ದುವು, 1961ರ ಕಾಯಿದೆಯಿಂದ ರದ್ದಾದುವು ಎಂಬ ಸಂಗತಿಯನ್ನೂ ಈ ನೆವದಲ್ಲಿ ತಿಳಿಸಬಹುದು.

ಹಿರಿಯರಲ್ಲಿ ಒಬ್ಬರು ಅಮಲ್ದಾರರ ಪಾತ್ರ ವಹಿಸಿ, ಕಡೆಯ 10 ನಿಮಿಷದಲ್ಲಿ ಬಂದು, 'ಊರವರು ಒಪ್ಪಿದ ತೀರ್ಮಾನವೇನು? ಬರೆದುಕೊಳ್ಳುತ್ತೇವೆ' ಎಂದಷ್ಟೇ ಕೇಳಬೇಕು. ತಾವಾಗಿ ತೀರ್ಪು ಕೊಡಕೂಡದು. ಇನ್ನೊಬ್ಬರು ಚೌಕಿಯ ಬಳಿ ಕುಳಿತಿರಬೇಕು. ಉಳಿದ ತಂದೆತಾಯಿಗಳು ನೋಡಲು ಬರಬಾರದು, ಮೊಬೈಲಿನಲ್ಲಿ ಚಿತ್ರ ಹಿಡಿಯಬಾರದು. ನೋಡುವ ಕಣ್ಣು ಬಂದೊಡನೆ ಮಕ್ಕಳು ಆಡುವುದನ್ನು ಬಿಟ್ಟು ಅಭಿನಯಿಸತೊಡಗುತ್ತಾರೆ.

ಕಟ್ಟಳೆಗಳು ನಾಲ್ಕೇ ಸಾಕು. ಯಾರೂ ಯಾರನ್ನೂ ಮುಟ್ಟಬಾರದು. ಯಾರು 'ಸಾಕು' ಎಂದರೂ ಆಟ ಆ ಕ್ಷಣವೇ ನಿಲ್ಲಬೇಕು. ಹೇಳಿದವರನ್ನು ಯಾರೂ ನಗಬಾರದು. ಚೌಕಿಗೆ ಹೋಗಲು ಅಪ್ಪಣೆ ಬೇಡ. ಆಟದ ಹೆಸರುಗಳನ್ನು ಹೊಸ್ತಿಲಾಚೆಗೆ ಒಯ್ಯಬಾರದು. ಇವನ್ನು ಓದಿ ಹೇಳುವುದಲ್ಲದೆ ಒಮ್ಮೆ ಅಭ್ಯಾಸವನ್ನೂ ಮಾಡಿಸಬೇಕು. ಆಟಕ್ಕೆ ಮುಂಚೆ ಪ್ರತಿಯೊಬ್ಬರೂ ಒಂದು ಸಲ ಗಟ್ಟಿಯಾಗಿ 'ಸಾಕು' ಎನ್ನಲಿ. ಒಮ್ಮೆಯೂ ಹೇಳಿ ನೋಡದ ಮಾತು ಬೇಕಾದಾಗ ಗಂಟಲಿನಿಂದ ಹೊರಡದು.

ಸಿದ್ಧತೆಗೆ 20 ನಿಮಿಷ, ಆಟಕ್ಕೆ 45 ನಿಮಿಷ, ಆಮೇಲೆ ಮಾತುಕತೆಗೆ ಅರ್ಧ ಗಂಟೆ. ಈ ಕಡೆಯ ಅರ್ಧ ಗಂಟೆಯನ್ನು ಹೊತ್ತಾಯಿತೆಂದು ಮೊಟಕುಮಾಡಬಾರದು. ಎಲ್ಲರೂ ಹೆಗಲ ಮೇಲಿನ ಶಲ್ಯವನ್ನೋ ತಲೆಯ ರುಮಾಲನ್ನೋ ತೆಗೆದು ಮಧ್ಯದಲ್ಲಿಟ್ಟು, ತಮ್ಮ ನಿಜವಾದ ಹೆಸರನ್ನು ಹೇಳಲಿ. ನನ್ನ ಪಾತ್ರ ಮಾಡಿದ್ದರಲ್ಲಿ ನಾನಾಗಿದ್ದರೆ ಮಾಡದಿದ್ದದ್ದು ಯಾವುದು ಎಂಬುದನ್ನು ಒಬ್ಬೊಬ್ಬರೂ ಹೇಳಲಿ. ಜಗಳವಾಡಿದ ಇಬ್ಬರು ಕೂಡಿ ಪಾನಕ ಹಂಚಲಿ. ಯಾರಾದರೂ ಮೌನವಾಗಿ ಕುಳಿತಿದ್ದರೆ ಎಲ್ಲರ ಎದುರಿನಲ್ಲಿ ಕೆದಕದೆ, ಮನೆಗೆ ಹೋಗುವ ದಾರಿಯಲ್ಲಿ ಮೆಲ್ಲಗೆ ವಿಚಾರಿಸಬೇಕು.

ತಾವಾಗಿ ನಡೆಸಲು ಅಳುಕುವವರು ಮೊದಲು ಮಕ್ಕಳೊಡನೆ ರಂಗವನ್ನು ನೋಡಿ ಬರಬಹುದು. ಜರಗನಹಳ್ಳಿಗೆ ಹತ್ತಿರದ ಜೆ.ಪಿ. ನಗರದ 2ನೆಯ ಹಂತದಲ್ಲಿ 2004ರಲ್ಲಿ ತೆರೆದ ರಂಗಶಂಕರದಲ್ಲಿ ಮಕ್ಕಳಿಗಾಗಿಯೂ ನಾಟಕಗಳು ನಡೆಯುತ್ತ ಬಂದಿವೆ. ರಂಗಭೂಮಿಗಾಗಿಯೇ ಬಾಳಿದ ಬಿ.ವಿ. ಕಾರಂತರು (1929-2002) ಮೂರನೆಯ ತರಗತಿಯಲ್ಲಿದ್ದಾಗ ಕುವೆಂಪು ಅವರ 'ನನ್ನ ಗೋಪಾಲ' ನಾಟಕದಲ್ಲಿ ವೇಷ ಹಾಕಿದ್ದೇ ಅವರ ಮೊದಲ ರಂಗಪ್ರವೇಶ. ನಮ್ಮ ಮಕ್ಕಳೆಲ್ಲ ಕಾರಂತರಾಗಬೇಕೆಂದು ಇದನ್ನು ಹೇಳುತ್ತಿಲ್ಲ. ಎಳವೆಯಲ್ಲಿ ಯಾರೋ ಒಬ್ಬರು ನಂಬಿ ಕೊಟ್ಟ ಪಾತ್ರವು ಎಷ್ಟು ದೂರ ಜೊತೆಗೆ ಬರಬಲ್ಲದೆಂಬುದಕ್ಕೆ ಇದೊಂದು ನಿದರ್ಶನ.

ಕೆರೆಯ ಆಟದಲ್ಲಿ ಯಾವ ತೀರ್ಮಾನವಾದೀತೆಂದು ನಾವು ಹೇಳಲಾರೆವು. ಒಂದು ಮನೆಯ ಮಕ್ಕಳು ಕಡೆಯ ಗದ್ದೆಗೆ ಮೊದಲು ನೀರು ಬಿಟ್ಟಾರು; ಇನ್ನೊಂದು ಮನೆಯವರು ತೂಬನ್ನೇ ಎತ್ತಲಾರರು; ಬೇರೊಂದು ಕಡೆ ಸಭೆ ಮುರಿದು, ಅಮಲ್ದಾರರು ಬರಿಯ ಕಾಗದ ಹಿಡಿದು ಹೋದಾರು. ಅದೂ ತಪ್ಪಲ್ಲ. ರಾತ್ರಿ ಊಟದ ಹೊತ್ತಿಗೆ ನಿಮ್ಮ ಮಗನೋ ಮಗಳೋ 'ಅಪ್ಪಾ, ನೀವಾಗಿದ್ದರೆ ಯಾರ ಗದ್ದೆಗೆ ನೀರು ಬಿಡುತ್ತಿದ್ದಿರಿ?' ಎಂದು ಕೇಳಿದರೆ, ದೊಡ್ಡವರ ಮಾತು ನಿನಗೇಕೆ ಎನ್ನದೆ, ಆಲೋಚಿಸಿ ಉತ್ತರ ಕೊಡಬೇಕೆಂದು ಗೃಹಸ್ಥರಲ್ಲಿ ನಮ್ಮ ಪ್ರಾರ್ಥನೆ.